ತಂತಿಗೆ ಯಾವುದು, ವೈಫೈಗೆ ಯಾವುದು?

ಹೊಸ ಮನೆಗೆ ಮೋಲ್ಡಿಂಗ್ ಹಾಕುವ ಮುನ್ನ ಎಲೆಕ್ಟ್ರಿಷಿಯನ್ ಕಬ್ಬಿಣದ ಸರಳುಗಳ ನಡುವೆ ಪಿವಿಸಿ ಪೈಪ್ ಕೂರಿಸುತ್ತಾನೆ. ಫ್ಯಾನಿಗೊಂದು, ಲೈಟಿಗೊಂದು, ಎಸಿಗೊಂದು. ಇಂಟರ್ನೆಟ್ಟಿನ ನೆನಪು ಆಗ ಹೆಚ್ಚಿನವರಿಗೆ ಬರುವುದಿಲ್ಲ. ಗೃಹಪ್ರವೇಶ ಮುಗಿದ ಮೇಲೆ ಫೈಬರ್ ಹಾಕುವವರು ಬಂದು, ಕೇಬಲ್ ಎಟಕುವ ಕಿಟಕಿಯ ಪಕ್ಕದಲ್ಲೇ ರೌಟರ್ ಕೂರಿಸಿ ಹೋಗುತ್ತಾರೆ. ಹಾಲಿನಲ್ಲಿ ಸಿನಿಮಾ ಸರಾಗವಾಗಿ ಓಡುತ್ತದೆ. ಮಹಡಿಯ ಕೋಣೆಯಲ್ಲಿ ಆನ್‌ಲೈನ್ ಪಾಠ ಕೇಳುವ ಮಗಳಿಗೆ ಮೇಷ್ಟ್ರ ಮಾತು ತುಂಡು ತುಂಡಾಗಿ ಕೇಳುತ್ತದೆ.

ಎಷ್ಟೋ ಸಲ ತೊಡಕು ಇರುವುದು ಬೀದಿಯ ಫೈಬರ್‌ನಲ್ಲಲ್ಲ, ಮನೆಯ ಗೋಡೆಗಳಲ್ಲಿ. ವೈಫೈ ಎಂದರೆ ರೇಡಿಯೊ ಅಲೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಎರಡನೆಯದು ಹೆಚ್ಚು ವೇಗ ಕೊಡುತ್ತದೆ, ಆದರೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಸರಳುಗಳ ಬಲೆಯಿರುವ ಆರ್‌ಸಿಸಿ ತಾರಸಿ, ಕರಾವಳಿಯ ದಪ್ಪ ಜಂಬಿಟ್ಟಿಗೆ ಗೋಡೆ, ಕಬ್ಬಿಣದ ಬೀರು, ಎಲ್ಲವೂ ಅಲೆಗೆ ಅಡ್ಡಿ. ಅಡುಗೆಮನೆಯ ಮೈಕ್ರೊವೇವ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಆದ್ದರಿಂದ, ಅದು ಚಾಲೂ ಇದ್ದಾಗ 2.4ರ ವೈಫೈ ತಡವರಿಸಬಹುದು.

ಇನ್ನೊಂದು ತೊಡಕು ಹಂಚಿಕೆಯದು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ತಂಡ ಕಂಪ್ಯೂಟರ್ ಟರ್ಮಿನಲ್‌ಗಳನ್ನು ರೇಡಿಯೊ ಮೂಲಕ ಜೋಡಿಸಿತು. ಎಲ್ಲರೂ ಒಂದೇ ಚಾನೆಲ್‌ನಲ್ಲಿ ಕಳಿಸಬೇಕಿತ್ತು. ಇಬ್ಬರು ಒಟ್ಟಿಗೆ ಕಳಿಸಿದರೆ ಎರಡೂ ಕೆಡುತ್ತಿದ್ದವು. ಸ್ವಲ್ಪ ಕಾದು ಮತ್ತೆ ಕಳಿಸಬೇಕಿತ್ತು. ಆ ಕೆಲಸದಿಂದ ಪ್ರೇರಣೆ ಪಡೆದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅದನ್ನೇ ಕೇಬಲ್ಲಿಗೆ ಒಗ್ಗಿಸಿದರು. ಬೆಳಕಿನ ಅಲೆಯನ್ನು ಹೊತ್ತೊಯ್ಯುತ್ತದೆಂದು 19ನೇ ಶತಮಾನದವರು ನಂಬಿದ್ದ ‘ಈಥರ್’ ಹೆಸರಿನಿಂದ ಅದು ಈಥರ್ನೆಟ್ ಆಯಿತು. ಮೊದಲಿಗೆ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಕೇಬಲ್ಲಿಗೆ ಜೋತುಬಿದ್ದಿದ್ದವು. ಮುಂದೆ ಸ್ವಿಚ್ ಎಂಬ ಪೆಟ್ಟಿಗೆ ಬಂದು ಪ್ರತಿ ಯಂತ್ರಕ್ಕೂ ಸ್ವಂತ ದಾರಿ ಸಿಕ್ಕಿತು. ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ ಸಾಧ್ಯವಾಯಿತು.

ವೈಫೈ ಮಾತ್ರ ಇಂದಿಗೂ ಹಂಚಿಕೊಂಡ ಗಾಳಿಯಲ್ಲೇ ಸರದಿ ಕಾಯುತ್ತದೆ.

ಆದ್ದರಿಂದ ಕೂತಲ್ಲೇ ಕೂರುವ ಟಿವಿ, ಡೆಸ್ಕ್‌ಟಾಪ್, ಸಿಸಿಟಿವಿ ರೆಕಾರ್ಡರ್‌ಗಳಿಗೆ ಕೇಬಲ್ ಒಳ್ಳೆಯದು. ಅವು ಗಾಳಿ ಬಿಟ್ಟು ತಂತಿಗೆ ಬಂದಷ್ಟೂ ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ ಜಾಗ ಬಿಡುವಾಗುತ್ತದೆ.

ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್. ಒಳಗೆ ಎಂಟು ಎಳೆ, ನಾಲ್ಕು ಜೋಡಿ, ಪ್ರತಿ ಜೋಡಿಯೂ ಹುರಿ ಹೊಸೆದಂತೆ. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗಾಗಿ ಪೇಟೆಂಟ್ ಪಡೆದ ಉಪಾಯವಿದು. ಹೊರಗಿನ ವಿದ್ಯುತ್ ಗದ್ದಲ ಹೊಸೆದ ಎರಡು ಎಳೆಗಳಿಗೂ ಸಮನಾಗಿ ತಟ್ಟುತ್ತದೆ. ಪಡೆಯುವ ತುದಿ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು, 100 ಮೆಗಾಬಿಟ್‌ಗೆ ಎರಡೇ ಸಾಕು. ಗಿಗಾಬಿಟ್ ಕಂಪ್ಯೂಟರ್ ಸರಿಯಾಗಿ 100ಕ್ಕೇ ನಿಂತರೆ ಕನೆಕ್ಟರ್‌ನಲ್ಲಿ ಒಂದು ಎಳೆ ಸರಿಯಾಗಿ ಕೂತಿಲ್ಲದಿರಬಹುದು. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಬೇಡ, ಅಪ್ಪಟ ತಾಮ್ರದ್ದೇ ಇರಲಿ. ಕರೆಂಟ್ ವೈರಿನ ಪೈಪಿನಲ್ಲಿ ಅದನ್ನು ತೂರಿಸಬಾರದು.

ಮಹಡಿಗೆ ಸಿಗ್ನಲ್ ಸಾಲದೆಂದು ಹಲವರು ರಿಪೀಟರ್ ತರುತ್ತಾರೆ. ಒಂದೇ ಚಾನೆಲ್‌ನಲ್ಲಿ ಕೇಳಿ ಅದನ್ನೇ ಮತ್ತೆ ಹೇಳುವ ರಿಪೀಟರ್‌ನಿಂದ ವೇಗ ಅರ್ಧಕ್ಕರ್ಧ ಇಳಿಯಬಹುದು. ಅದರ ಬದಲು ಮೇಲಕ್ಕೊಂದು ಕೇಬಲ್ ಎಳೆದು ಆಕ್ಸೆಸ್ ಪಾಯಿಂಟ್ ಕೂರಿಸಿದರೆ ರೌಟರೇ ಮಹಡಿಗೆ ಬಂದಂತೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟರೆ ಮೊಬೈಲ್ ತಾನೇ ಹತ್ತಿರದ್ದನ್ನು ಹುಡುಕಿಕೊಳ್ಳುತ್ತದೆ.

ಖರ್ಚಿಗೆ ಮುನ್ನ ಒಂದು ಪರೀಕ್ಷೆ: ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೌಟರಿಗೆ ಜೋಡಿಸಿ ವೇಗ ಅಳೆಯಬೇಕು, ಆಮೇಲೆ ಮಹಡಿಯಲ್ಲಿ ವೈಫೈನಲ್ಲಿ. ಮೊದಲನೆಯದು ಸರಿಯಿದ್ದು ಎರಡನೆಯದು ಕುಸಿದರೆ ರಿಪೇರಿ ಬೇಕಿರುವುದು ಮನೆಯೊಳಗೆ. ಹಳೆಯ ಮನೆಯಲ್ಲಿ ಟೆಲಿಫೋನ್ ಅಥವಾ ಕೇಬಲ್ ಟಿವಿಯ ಖಾಲಿ ಪೈಪ್ ಇದ್ದರೆ ಅದರಲ್ಲೇ ಎಳೆಯಬಹುದು. ಮೋಲ್ಡಿಂಗ್ ಇನ್ನೂ ಆಗದ ಮನೆಯಲ್ಲಿ ಹಾಲಿನಿಂದ ಪ್ರತಿ ಕೋಣೆಗೂ ಪ್ರತ್ಯೇಕ ಪೈಪ್ ಬಿಟ್ಟು, ಒಳಗೊಂದು ಎಳೆಯುವ ತಂತಿ ಸೇರಿಸಿಡಲು ಎಲೆಕ್ಟ್ರಿಷಿಯನ್‌ಗೆ ಹೇಳಲು ಇದೇ ಸಮಯ.