ಹೊಲದ ಬದುವಿನ ಕಲ್ಲು, ಊರಿನ ದಾಖಲೆ

ಮುಂಗಾರಿಗೆ ಮೊದಲು ಹೊಲ ಹಸನು ಮಾಡುವಾಗ ನೇಗಿಲಿಗೆ ಅಡ್ಡ ಬಂದ ಕಲ್ಲನ್ನು ಕಿತ್ತು ಬದುವಿಗೆ ಹಾಕುವುದು ರೈತರ ವಾಡಿಕೆ. ಈಗ ಟ್ರ್ಯಾಕ್ಟರ್, ಜೆಸಿಬಿ ಬಂದಿವೆ. ಆಳೆತ್ತರದ ಕಲ್ಲೂ ಗಳಿಗೆಯಲ್ಲಿ ಮೇಲೆದ್ದು ಮೋರಿಯ ಚಪ್ಪಡಿಯಾಗುತ್ತದೆ. ಹಾಗೆ ಮಾಡುವ ಮುನ್ನ ಅದರ ನಾಲ್ಕೂ ಮಗ್ಗುಲನ್ನು ಒಮ್ಮೆ ನೋಡುವುದು ಒಳ್ಳೆಯದು. ಅದು ನಿಮ್ಮ ಊರಿನ ಹಳೆಯ ದಾಖಲೆ ಇದ್ದೀತು.

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಒಂದು ಸಣ್ಣ ಹಳ್ಳಿ. ಅಲ್ಲಿದ್ದ ಒಂದು ಕಲ್ಲನ್ನು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಆ ಕನ್ನಡ ಶಾಸನದಲ್ಲಿ ಹಳ್ಳಿಗಳನ್ನು ದಾನ ಕೊಟ್ಟ ವಿಷಯವಿದೆ. ಆ ಕಲ್ಲು ಒಡೆದು ಕಟ್ಟಡಕ್ಕೆ ಹೋಗಿದ್ದರೆ ಕನ್ನಡದ ಚರಿತ್ರೆಗೇ ನಷ್ಟವಾಗುತ್ತಿತ್ತು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನ ಕಥೆ ರೈತರಿಗೆ ಇನ್ನೂ ಹತ್ತಿರದ್ದು. ಹತ್ತನೆಯ ಶತಮಾನದಲ್ಲಿ ಗಂಗ ದೊರೆ ಬೂತುಗನ ಬಂಟ ಮಣಲೇರನು, ತನ್ನ ಶೌರ್ಯಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಕಾದಾಡಿ ಒಟ್ಟಿಗೆ ಸತ್ತವು. ಆ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಗುರುತಿಸುವುದು ಹೇಗೆ?

ಸಾಮಾನ್ಯ ವೀರಗಲ್ಲಿನಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಬಳೆ ತೊಟ್ಟ ಕೈ ಕೆತ್ತಿದ್ದರೆ ಅದು ಮಾಸ್ತಿಕಲ್ಲು. ಲಿಂಗಮುದ್ರೆ, ಕೊಡೆ ಹಿಡಿದ ವಾಮನ ಅಥವಾ ಮುಕ್ಕೊಡೆ ಇದ್ದರೆ ದಾನದ ಭೂಮಿಯ ಎಲ್ಲೆಗಲ್ಲು ಇರಬಹುದು. ತಲೆಯ ಮೇಲಿನ ಸೂರ್ಯಚಂದ್ರರಿಗೆ, ಅವರಿರುವ ತನಕ ಈ ದಾನ ನಡೆಯಲಿ ಎಂಬ ಅರ್ಥ.

ಕೆರೆಯ ಏರಿ, ತೂಬಿನ ಬಳಿಯ ಕಲ್ಲುಗಳನ್ನೂ ನೋಡಿ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಕೆರೆ ಕಟ್ಟಿದ್ದಕ್ಕೆ, ಅದರ ದುರಸ್ತಿಗೆ ಬಿಟ್ಟ ಭೂಮಿಯನ್ನು ಹೇಳುತ್ತವೆ. ಹೂಳು ತೆಗೆಯಲು ಹಿಂದಿನವರು ಖರ್ಚಿನ ದಾರಿಯನ್ನೂ ಮಾಡಿಟ್ಟಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ರೈತರು ಮಾಡಬೇಕಾದ್ದು

1. ಕಲ್ಲನ್ನು ಇದ್ದ ಜಾಗದಿಂದ ಕದಲಿಸಬೇಡಿ. ಜಾಗ ಬಿಟ್ಟ ಎಲ್ಲೆಗಲ್ಲು ಎಲ್ಲೆಯನ್ನು ಹೇಳಲಾರದು.

2. ಬಣ್ಣ, ಸುಣ್ಣ ಬಳಿಯಬೇಡಿ. ಉಳಿಯಿಂದ ಕೆರೆಯಬೇಡಿ. ಮಣ್ಣಿದ್ದರೆ ಬರಿಯ ನೀರಿನಿಂದ ಮೆಲ್ಲಗೆ ತೊಳೆಯಿರಿ.

3. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ಎದ್ದು ಕಾಣುತ್ತವೆ. ಆಗ ಫೋಟೋ ತೆಗೆದು, ಸರ್ವೆ ನಂಬರು ಬರೆದಿಡಿ.

4. ತಹಸೀಲ್ದಾರರಿಗೆ ಅಥವಾ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಸುದ್ದಿ ಕೊಟ್ಟ ಮಾತ್ರಕ್ಕೆ ಹೊಲ ಕೈತಪ್ಪುವುದಿಲ್ಲ. ಒಂದು ಸ್ಥಳವನ್ನು ಸಂರಕ್ಷಿತವೆಂದು ಮಾಡಲು ಸರ್ಕಾರ ಬೇರೆಯಾಗಿಯೇ ಅಧಿಸೂಚನೆ ಹೊರಡಿಸಬೇಕು.

ಕಲ್ಲಿನ ಅಡಿ ಹೊನ್ನಿದೆ ಎಂದು ರಾತ್ರಿ ಅಗೆಯುವವರ ಮಾತು ನಂಬಬೇಡಿ. ಶಾಸನ ನಿಧಿಯ ಗುರುತಲ್ಲ. ಒಡೆದ ಕಲ್ಲನ್ನು ಮತ್ತೆ ಓದಲಾಗದು. ನಿಮ್ಮ ಊರಿನ ಕಲ್ಲುಗಳು ಎಷ್ಟು, ಎಲ್ಲೆಲ್ಲಿವೆ ಎಂದು ಈ ಬೇಸಿಗೆಯಲ್ಲಿ ಶಾಲೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಒಂದು ಪಟ್ಟಿ ಮಾಡಿರಿ. ಅದರ ಒಂದು ಪ್ರತಿ ವಾಚನಾಲಯದಲ್ಲಿ ಇರಲಿ.