ಕೇಳಿದರೆ ಬರುವ ಹಣ: ಮಕ್ಕಳ ಕಾಲೇಜು ಓದಿಗೆ ಸಿಗುವ ನೆರವು



ಜೂನ್, ಜುಲೈ ಬಂತೆಂದರೆ ಗಾವಡಗೆರೆ ಸುತ್ತಿನ ಎಷ್ಟೋ ಮನೆಗಳಲ್ಲಿ ಒಂದೇ ಚಿಂತೆ. ಹೊಗೆಸೊಪ್ಪು ಇನ್ನೂ ಹೊಲದಲ್ಲಿರುತ್ತದೆ. ಹರಾಜು ಶುರುವಾಗಿ ಕೈಗೆ ಕಾಸು ಬರೋದಕ್ಕೆ ಇನ್ನೂ ತಿಂಗಳುಗಳಿವೆ. ಕಾಲೇಜಿನಲ್ಲಿ ಮಾತ್ರ "ಈ ವಾರದೊಳಗೆ ಫೀಸು ಕಟ್ಟಿ" ಅಂತಾರೆ. ಆಗ ನಾವು ಮಾಡೋದೇನು? ಓಲೆ ಗಿರವಿ ಇಡ್ತೀವಿ, ಇಲ್ಲವೇ ಕೈಸಾಲ ತರ್ತೀವಿ. ಎರಡೂ ಆಗದಿದ್ದರೆ "ಗಂಡು ಹುಡುಗ ಓದಲಿ, ಹುಡುಗಿ ಮನೇಲಿರಲಿ" ಅನ್ನುವ ತೀರ್ಮಾನ ಆಗಿಬಿಡುತ್ತದೆ.

ಇದೇ ಓದಿಗೆ ಸರ್ಕಾರದ ಹಣ ಇದೆ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಸರಿಯಾದ ಕಾಗದ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಕೇಳಿದವರಿಗೆ ಮಾತ್ರ ಬರುತ್ತದೆ.

ತೆರಿಗೆ ಕಟ್ಟುವವರ ದಾರಿ, ನಮ್ಮ ದಾರಿ

ಸಂಬಳದಾರರು "ಮಕ್ಕಳ ಫೀಸಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತೆ" ಅನ್ನುವುದನ್ನು ಕೇಳಿರುತ್ತೀರಿ. ಅದು ನಿಜ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರು ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು, ವಿಮೆ ಮುಂತಾದ ಇತರ ಉಳಿತಾಯವೂ ಸೇರಿ 1.5 ಲಕ್ಷ ರೂಪಾಯಿ ಮಿತಿಯೊಳಗೆ, ತಮ್ಮ ಆದಾಯದಿಂದ ಕಳೆದು ತೋರಿಸಬಹುದು. ಆದರೆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ನಮಗೆ ಅದರಿಂದ ಪ್ರಯೋಜನವಿಲ್ಲ. ನಮಗಿರುವ ದಾರಿ ವಿದ್ಯಾರ್ಥಿವೇತನ ಮತ್ತು ಶುಲ್ಕ ಮರುಪಾವತಿ. ಇವೆರಡಕ್ಕೂ ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಇದನ್ನೇ ಎಸ್‌ಎಸ್‌ಪಿ ಅನ್ನುತ್ತಾರೆ.

ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಈ ಎಲ್ಲ ಇಲಾಖೆಗಳ ಅರ್ಜಿಯೂ ಇದರಲ್ಲೇ. ಹಾಡಿಯ ಮಕ್ಕಳಿಗೂ, ಊರಿನ ಮಕ್ಕಳಿಗೂ ಬಾಗಿಲು ಒಂದೇ. ಆದಾಯದ ಮಿತಿ ಮಾತ್ರ ಇಲಾಖೆಯಿಂದ ಇಲಾಖೆಗೆ ಬೇರೆ. ಉದಾಹರಣೆಗೆ, ಪರಿಶಿಷ್ಟ ಜಾತಿ, ಪಂಗಡದವರ ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ಮೀರಬಾರದು.

ಮೊದಲೇ ಜೋಡಿಸಿಕೊಳ್ಳಬೇಕಾದ ಕಾಗದಗಳು

1. ಜಾತಿ ಮತ್ತು ಆದಾಯ ಪ್ರಮಾಣಪತ್ರ. ಹೋಬಳಿ ನಾಡಕಚೇರಿಯಲ್ಲಿ ಕೊಡುತ್ತಾರೆ. ಅದರ ಮೇಲಿನ ಆರ್.ಡಿ. ನಂಬರನ್ನೇ ಅರ್ಜಿಯಲ್ಲಿ ಹಾಕಬೇಕು. ಹಳೆಯ ಪ್ರಮಾಣಪತ್ರ ಇದ್ದರೆ ಅವಧಿ ಮುಗಿದಿದೆಯಾ ಅಂತ ನೋಡಿಕೊಳ್ಳಿ.

2. ವಿದ್ಯಾರ್ಥಿಯ ಆಧಾರ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್‌ನಲ್ಲಿರುವ ಹೆಸರೂ ಒಂದೇ ಇರಬೇಕು. ಒಂದು ಕಡೆ ಇನಿಷಿಯಲ್ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ ತೊಂದರೆ ಆಗುತ್ತೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರು ಚಾಲ್ತಿಯಲ್ಲಿರಲಿ, ಓಟಿಪಿ ಬರೋದು ಅದಕ್ಕೇ.

3. ಫೀಸು ಕಟ್ಟಿದ ರಸೀದಿ, ಅಂಕಪಟ್ಟಿ, ಹಾಸ್ಟೆಲ್‌ನಲ್ಲಿದ್ದರೆ ಅದರ ದಾಖಲೆ. ಇವುಗಳಿಗೆ ಕಾಲೇಜಿನಲ್ಲೇ ನೇಮಿಸಿರುವ ಅಧಿಕಾರಿಯಿಂದ ಇ-ದೃಢೀಕರಣ ಮಾಡಿಸಬೇಕು. ಕೊನೆಯ ದಿನ ಓಡಿದರೆ ಅವರು ರಜದಲ್ಲಿರಬಹುದು!

ಹಣ ಎಲ್ಲಿ ತಪ್ಪಿಹೋಗುತ್ತದೆ?

ಅರ್ಜಿ ಮಂಜೂರಾದರೂ ಹಣ ಬರಲಿಲ್ಲ ಅನ್ನುವವರು ಮೊದಲು ಬ್ಯಾಂಕ್ ಖಾತೆ ನೋಡಬೇಕು. ಹಣ ಬರೋದು ವಿದ್ಯಾರ್ಥಿಯ ಸ್ವಂತ ಖಾತೆಗೆ. ತಾಯಿಯ ಖಾತೆಗಾಗಲೀ ಸಂಘದ ಖಾತೆಗಾಗಲೀ ಅಲ್ಲ. ಆ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಯಾವುದಕ್ಕೆ ಜೋಡಣೆ ಆಗಿದೆಯೋ ಅದಕ್ಕೆ ಹೋಗುತ್ತೆ. ಬ್ಯಾಂಕಿಗೆ ಹೋಗಿ "ಆಧಾರ್ ಹಣ ಯಾವ ಖಾತೆಗೆ ಬರುತ್ತೆ ನೋಡಿ ಹೇಳಿ" ಅಂತ ಕೇಳಿ.

ಇನ್ನೊಂದು ತಪ್ಪು: ಮೊದಲ ವರ್ಷ ಅರ್ಜಿ ಹಾಕಿ ಸುಮ್ಮನಾಗುವುದು. ಪ್ರತಿ ವರ್ಷವೂ ಅರ್ಜಿ ಹಾಕಲೇಬೇಕು. ಹಾಕಿದ ಮೇಲೆ ಸ್ವೀಕೃತಿ ಪ್ರತಿ ತೆಗೆದಿಟ್ಟುಕೊಂಡು, ಅರ್ಜಿಯ ಸ್ಥಿತಿಯನ್ನು ಆಗಾಗ ಪೋರ್ಟಲ್‌ನಲ್ಲಿ ನೋಡಲು ಮಕ್ಕಳಿಗೆ ಹೇಳಿ.

ಕೂಲಿಕಾರರ ಮಕ್ಕಳಿಗೆ

ಗಾರೆ ಕೆಲಸ, ಸೆಂಟ್ರಿಂಗ್, ಬಣ್ಣ ಬಳಿಯುವ ಕೆಲಸ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ, ಇಬ್ಬರು ಮಕ್ಕಳ ಓದಿಗೆ ಸಹಾಯಧನ ಕೇಳಬಹುದು. ನೋಂದಣಿಗೆ ವಯಸ್ಸು 18ರಿಂದ 60ರೊಳಗಿರಬೇಕು, ವರ್ಷದಲ್ಲಿ 90 ದಿನ ಈ ಕೆಲಸ ಮಾಡಿರಬೇಕು. ಕಾರ್ಡು ನವೀಕರಣ ಆಗಿರಲಿ.

ಬ್ಯಾಂಕ್ ಸಾಲವೇ ಬೇಕಾದರೆ

ಇಂಜಿನಿಯರಿಂಗ್‌ನಂಥ ವೃತ್ತಿಪರ, ತಾಂತ್ರಿಕ ಓದಿಗೆ ಬ್ಯಾಂಕಿನಿಂದ ಶಿಕ್ಷಣ ಸಾಲ ತೆಗೆದುಕೊಂಡರೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಇದೆ. 2009ರಿಂದ ಇರುವ ಯೋಜನೆ ಇದು. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ, ಓದುವ ಅವಧಿ ಮತ್ತು ಅದರ ನಂತರ ಒಂದು ವರ್ಷದ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಕಾಲೇಜು, ಕೋರ್ಸು ಯೋಜನೆಗೆ ಸೇರುತ್ತಾ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ, ಆದಾಯ ಪ್ರಮಾಣಪತ್ರ ಕೊಡಿ. ಮುಂದೆ ಮಗಳಿಗೆ ಕೆಲಸ ಸಿಕ್ಕಿ ತೆರಿಗೆ ಕಟ್ಟುವಂತಾದರೆ, ಹಳೆಯ ಪದ್ಧತಿಯಲ್ಲಿ ಈ ಸಾಲಕ್ಕೆ ಅವಳು ಕಟ್ಟುವ ಬಡ್ಡಿಯನ್ನು 8 ವರ್ಷದವರೆಗೆ ಆದಾಯದಿಂದ ಕಳೆದು ತೋರಿಸಬಹುದು. ಕೈಸಾಲದ ಬಡ್ಡಿಗೆ ಇಂಥ ಯಾವ ಅನುಕೂಲವೂ ಇಲ್ಲ.

ಸಂಘ ಏನು ಮಾಡಬಹುದು?

ವಿದ್ಯಾರ್ಥಿವೇತನ ಬರೋದು ಫೀಸು ಕಟ್ಟಿದ ಎಷ್ಟೋ ದಿನದ ಮೇಲೆ. ನಡುವಿನ ಆ ತಿಂಗಳುಗಳನ್ನು ದಾಟಿಸುವುದು ಸಂಘದ ಕೆಲಸ. ಲೆಕ್ಕ ನೋಡಿ: 20,000 ರೂಪಾಯಿ ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 7,200. ಸಂಘದಲ್ಲಿ ಒಂದು ರೂಪಾಯಿ ಬಡ್ಡಿಗೆ ಸಿಕ್ಕರೆ 2,400. ಆ ಬಡ್ಡಿಯೂ ನಮ್ಮ ಸಂಘಕ್ಕೇ ಉಳಿಯುತ್ತೆ.

ಆದ್ದರಿಂದ ಮೇ ತಿಂಗಳ ಸಭೆಯಲ್ಲಿ ಒಂದು ಕೆಲಸ ಮಾಡಿ. ಈ ವರ್ಷ ಯಾರ ಮನೆಯ ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಅವರ ಬಳಿ ಯಾವ ಕಾಗದ ಇದೆ, ಯಾವುದು ಇಲ್ಲ, ಸಂಘದ ಪುಸ್ತಕದಲ್ಲಿ ಬರೆದುಕೊಳ್ಳಿ. ಓದು ಬರುವ ಸದಸ್ಯೆ ಓದು ಬಾರದವರ ಜೊತೆ ನಾಡಕಚೇರಿಗೆ, ಬ್ಯಾಂಕಿಗೆ ಹೋಗಲಿ. ನಾವು ಕೇಳುತ್ತಿರುವುದು ಭಿಕ್ಷೆಯಲ್ಲ, ನಮ್ಮ ಮಕ್ಕಳ ಪಾಲು. ಒಂದು ಕಾಗದ ಇಲ್ಲ ಅನ್ನುವ ಕಾರಣಕ್ಕೆ ನಮ್ಮ ಸಂಘದ ಯಾವ ಹುಡುಗಿಯ ಓದೂ ನಿಲ್ಲದಿರಲಿ.