ಮೂನ್‌ಸ್ಟೋನ್: ಎರಡು ಕಳವುಗಳ ಕಥೆ

ಪತ್ತೇದಾರಿ ಕಾದಂಬರಿಯೆಂದರೆ ಪರೀಕ್ಷೆ ಮುಗಿದ ಮೇಲೆ ಹೊತ್ತು ಕಳೆಯಲು ಓದುವ ಪುಸ್ತಕವೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ನಾನೂ ಹಾಗೆಯೇ ತಿಳಿದಿದ್ದೆ. ಆಂಗ್ಲ ಲೇಖಕ ವಿಲ್ಕೀ ಕಾಲಿನ್ಸನ ‘ದಿ ಮೂನ್‌ಸ್ಟೋನ್’ ಕಾದಂಬರಿಯ ಆರಂಭದಲ್ಲಿಯೇ ನಮ್ಮ ಶ್ರೀರಂಗಪಟ್ಟಣದ ಹೆಸರನ್ನು ಕಂಡಾಗ ಆ ಭಾವನೆ ಸಡಿಲವಾಯಿತು.

ಪತ್ತೇದಾರಿ ಕಥೆಗೆ ತಳಹದಿ ಹಾಕಿದವನು ಅಮೆರಿಕದ ಎಡ್ಗರ್ ಅಲನ್ ಪೋ. ಅವನ ಪ್ರಸಿದ್ಧ ಸಣ್ಣ ಕಥೆ ಪ್ರಕಟವಾದುದು 1841ರಲ್ಲಿ. ಆ ಬೀಜವನ್ನು ಇಂಗ್ಲಿಷಿನಲ್ಲಿ ದೊಡ್ಡ ಕಾದಂಬರಿಯಾಗಿ ಬೆಳೆಸಿದವರಲ್ಲಿ ಕಾಲಿನ್ಸ್ ಅಗ್ರಗಣ್ಯನು. ಅವನ ಈ ಕೃತಿ 1868ರಲ್ಲಿ ಚಾರ್ಲ್ಸ್ ಡಿಕನ್ಸನ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು.

ಚಂದ್ರದೇವನ ವಿಗ್ರಹದ ಹಣೆಯಲ್ಲಿದ್ದ ಹಳದಿ ವಜ್ರವೊಂದು ಕೈಯಿಂದ ಕೈಗೆ ಸಾಗಿ ಟಿಪ್ಪುವಿನ ಕಠಾರಿಯ ಹಿಡಿಯನ್ನು ಸೇರಿರುತ್ತದೆ. ವಜ್ರ ಕಲ್ಪಿತವಾದರೂ 1799ರ ಮೇ 4ರಂದು ಕೋಟೆ ಬಿದ್ದುದೂ, ಪಟ್ಟಣ ಸೂರೆಯಾದುದೂ ಚರಿತ್ರೆಯೇ. ಆ ಗೊಂದಲದಲ್ಲಿ ಹರ್ನ್‌ಕಾಸಲ್ ಎಂಬ ಆಂಗ್ಲ ಅಧಿಕಾರಿ ಕಾವಲಿನವರನ್ನು ಕೊಂದು ವಜ್ರವನ್ನು ಅಪಹರಿಸುತ್ತಾನೆ. ಅವನ ಮರಣಶಾಸನದಂತೆ ಅದು ಸೋದರಿಯ ಮಗಳಾದ ರೇಚಲಳಿಗೆ ಸಲ್ಲುತ್ತದೆ. 1848ರಲ್ಲಿ ಅವಳ ಹುಟ್ಟುಹಬ್ಬದ ರಾತ್ರಿಯೇ ಅದು ಮಾಯವಾಗುತ್ತದೆ!

ಸ್ಥಳೀಯ ಪೊಲೀಸ್ ಅಧಿಕಾರಿ ತಡಕಾಡಿ ಸೋಲುತ್ತಾನೆ. ಗುಲಾಬಿ ಹೂಗಳ ಪ್ರೇಮಿಯಾದ ಸಾರ್ಜೆಂಟ್ ಕಫ್ ಲಂಡನಿನಿಂದ ಬರುತ್ತಾನೆ. ಬಾಗಿಲಿನ ಹಸಿ ಬಣ್ಣ ಒಂದೆಡೆ ಕದಡಿದೆ. ಇತರರು ಕ್ಷುಲ್ಲಕವೆಂದು ಬಿಟ್ಟ ಆ ಗುರುತನ್ನೇ ಅವನು ಹಿಡಿಯುತ್ತಾನೆ. ಬಣ್ಣ ಯಾರ ಬಟ್ಟೆಗೆ ಅಂಟಿತ್ತೆಂದು ಇಲ್ಲಿ ಹೇಳಿ ವಾಚಕರ ಸಂತೋಷವನ್ನು ಕೆಡಿಸಲಾರೆ. ಮನೆಯವರು, ಸೇವಕ, ವಕೀಲ ಮೊದಲಾದವರು ತಾವು ಕಂಡಷ್ಟನ್ನೇ ಸಾಕ್ಷಿಗಳಂತೆ ಬರೆಯುತ್ತಾರೆ. ತೀರ್ಪು ನಮ್ಮದು.

ಒಂದು ಮನೆ, ಅದರೊಳಗೆ ಎಲ್ಲರ ಮೇಲೂ ಸಂದೇಹ, ಎಡವುವ ಪೊಲೀಸರು, ಅಲ್ಪವಾದ ಕುರುಹು, ಅನಿರೀಕ್ಷಿತ ಕೊನೆ—ಅಗಾಥಾ ಕ್ರಿಸ್ಟಿಯವರೆಗೂ ಸಾಗಿಬಂದ ಈ ಚೌಕಟ್ಟು ಇಲ್ಲಿಯೇ ಸಿದ್ಧವಾಗಿದೆ. 1887ರಲ್ಲಿ ಷರ್ಲಾಕ್ ಹೋಮ್ಸ್ ಕಾಲಿಡುವ ಹೊತ್ತಿಗೆ ದಾರಿ ಸವೆದಿತ್ತು.

ರಜೆಯಲ್ಲಿ ಊರಿಗೆ ಹೋದಾಗ, ಓದುಬರಹ ಅರಿಯದ ನನ್ನ ತಾಯಿಗೆ ಈ ಕಥೆಯನ್ನು ಹೇಳಿದೆ. ಸಾರ್ಜೆಂಟನ ಜಾಣತನವನ್ನು ನಾನು ಕೊಂಡಾಡುತ್ತಿರುವಾಗ ಅವಳು ರಾಗಿ ಕೇರುವುದನ್ನು ನಿಲ್ಲಿಸಿ ಕೇಳಿದಳು: “ಅದಿರಲಿ, ಮೊದಲು ಕದ್ದೋನನ್ನ ಯಾರೂ ಹಿಡೀಲಿಲ್ವೇನೋ ಮಗಾ?”

ನಾನು ನಿರುತ್ತರನಾದೆ. ಹರ್ನ್‌ಕಾಸಲನನ್ನು ನಂಟರು ದೂರವಿಟ್ಟರು. ಯಾವ ನ್ಯಾಯಾಲಯವೂ ವಿಚಾರಿಸಲಿಲ್ಲ. ಪತ್ತೆಯ ಜಾಣ್ಮೆಯೆಲ್ಲ ಎರಡನೆಯ ಕಳವಿಗೆ ಮಾತ್ರ. ಆದರೆ ಕಾಲಿನ್ಸ್ ಮೊದಲನೆಯದನ್ನು ಮರೆತಿಲ್ಲ. ತನ್ನ ದೇಶದವನ ಕೃತ್ಯವನ್ನು ಮೊದಲಿಗೇ ಇಟ್ಟು, ಕೊನೆಗೆ ವಜ್ರವನ್ನು ಸೋಮನಾಥದ ಚಂದ್ರದೇವನಿಗೇ ಒಪ್ಪಿಸಿದ್ದಾನೆ. ಸಾಮ್ರಾಜ್ಯ ಏರುತ್ತಿದ್ದ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ.

ಕದ್ದವರು ಯಾರೆಂದು ಕೇಳುವುದನ್ನು ಅನಂತರದ ಪತ್ತೇದಾರಿ ಕಥೆಗಳು ಚೆನ್ನಾಗಿ ಕಲಿತುಕೊಂಡವು. ವಸ್ತು ನಿಜವಾಗಿ ಯಾರದೆಂದು ಕೇಳುವುದನ್ನು ನಾವು ಈ ಪುಸ್ತಕದಿಂದ ಕಲಿಯಬೇಕಾಗಿದೆ. ನನ್ನ ತಾಯಿಗೆ ಅದು ಓದದೆಯೇ ತಿಳಿದಿತ್ತು.